ಮೆಟ್ಟಿಲ ತಿರುವಿನ ಕಪ್ಪು ಹಳ್ಳು

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುತ್ತಾರಲ್ಲ, ಆ ಪೋರ ನಾನು. ಎಪ್ಪತ್ತರ ದಶಕದ ಮೊದಲಿಗೆ ಮತ್ತೆ ಮುಂಬಯಿಗೆ ಹೋದಾಗ, ಸಮುದ್ರದ ದಂಡೆಯ ಆ ದೊಡ್ಡ ಕಮಾನಿನ ಮುಂದೆ ಫೋಟೋ ಹೊಡೆಸಿಕೊಳ್ಳುವವರನ್ನು ಕಂಡರೆ ಅಸಹ್ಯವಾಗುತ್ತಿತ್ತು. ಐದು ವರ್ಷ ಹಿಂದೆ ಅದೇ ಊರಿನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದಾಗ ನಾನೂ ಅಲ್ಲೇ ಹೊಡೆಸಿಕೊಂಡಿದ್ದೆ, ಅದು ಬೇರೆ ಮಾತು. ಈಗ ನಾನು ಪಾಲಿಟೆಕ್ನಿಕ್ಕಿನ ಮಾಸ್ತರ. ಯಾರೂ ನೋಡದ ಕಟ್ಟಡಗಳನ್ನು ಹುಡುಕಿ ಲೇಖನ ಬರೆಯುವ ಹುಕಿ ಹತ್ತಿತ್ತು.

ಇಳಿದುಕೊಂಡಿದ್ದು ಭಾಂಡುಪ್‌ನ ಒಂದು ಚಾಳಿನಲ್ಲಿ, ಅಕ್ಕನ ಮನೆಯಲ್ಲಿ. ಭಾವ ಮೊಸಾಯಿಕ್ ನೆಲ ಹಾಕುವ ಗೌಂಡಿ. ಅಕ್ಕ ತಾನೇ ಮೆಚ್ಚಿ ಅವರನ್ನು ಮದುವೆಯಾಗಿದ್ದಳು; ನಮ್ಮ ಮನೆಯಲ್ಲಿ ಅವರನ್ನು ಅಳಿಯನೆಂದು ಯಾರೂ ಕರೆದಿರಲಿಲ್ಲ. ತಮ್ಮನ ಮದುವೆಗೆ ಅಕ್ಕನನ್ನು ಕರೆಯುವುದು ನನ್ನ ಇನ್ನೊಂದು ಕೆಲಸವಾಗಿತ್ತು.

"ಅಕ್ಷತಿ ಆಕಿಗಷ್ಟ ಕೊಡು. ಆ ಗೌಂಡಿ ಬಂದು ಬೀಗರ ಮುಂದ ಕೂಡೂದು ಬ್ಯಾಡ," ಎಂದು ಅವ್ವ ಹೇಳಿ ಕಳಿಸಿದ್ದಳು. ನನಗೂ ಅದು ಸರಿಯೆನಿಸಿತ್ತು. ಕಲಿತವನಲ್ಲವೇ!

ರವಿವಾರ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. "ಮಾಸ್ತರ್ರ, ನಾನೊಂದು ಬಿಲ್ಡಿಂಗ್ ತೋರಸ್ತೀನಿ, ಬರ್ರಿ. ಯಾ ಪುಸ್ತಕದಾಗೂ ಸಿಗಂಗಿಲ್ಲ."

ಲೋಕಲ್ ಹಿಡಿದು ದಾದರಿನಲ್ಲಿ ಇಳಿದು ಒಂದು ಓಣಿ ಹೊಕ್ಕೆವು. ಮೂರು ಮಾಳಿಗೆಯ ಮನೆ, ಮೂಲೆಗಳೆಲ್ಲ ದುಂಡಗೆ. ಹಡಗು ಕಟ್ಟಬೇಕೆಂದಿದ್ದವನಿಗೆ ಸಮುದ್ರ ಸಿಗದೆ ಓಣಿ ಸಿಕ್ಕಂತಿತ್ತು. ಗೇಟಿನಲ್ಲಿ ಕಬ್ಬಿಣದ ಸೂರ್ಯ ಹುಟ್ಟುತ್ತಿದ್ದ. ಅವನ ಕಿರಣಗಳ ಮೇಲೆ ಯಾರೋ ಒದ್ದೆ ಚಡ್ಡಿ ಒಣಹಾಕಿದ್ದರು. ನಾನು ಇಷ್ಟನ್ನೂ ಗಟ್ಟಿಯಾಗಿ ಹೇಳಿ ನಕ್ಕೆ. ಭಾವ ನಗಲಿಲ್ಲ, ಮೆಟ್ಟಿಲಿನ ಕಡೆ ಕೈ ತೋರಿಸಿದರು.

ಬಿಳಿ ಮೊಸಾಯಿಕ್ಕಿನ ಮೆಟ್ಟಿಲು ಸುತ್ತಿಕೊಂಡು ಮೇಲೆ ಹೋಗಿತ್ತು. ಎಲ್ಲಿಯೂ ಸಂದಿಲ್ಲ, ಬಿರುಕಿಲ್ಲ. ಅಷ್ಟು ಒಳ್ಳೆಯ ನೆಲವನ್ನು ನಾನು ನೋಡಿರಲಿಲ್ಲ. ಆದರೆ ಹೊಗಳಲು ಬಾಯಿ ಬರಬೇಕಲ್ಲ, ನಮ್ಮದು ಮೊಸರಿನಲ್ಲಿ ಕಲ್ಲು ಹುಡುಕುವ ಜಾತಿ. ಎರಡನೆಯ ಮಾಳಿಗೆಯ ತಿರುವಿನಲ್ಲಿ, ಬಿಳಿ ಕಲ್ಲುಚೂರುಗಳ ನಡುವೆ ಕಡಲೆ ಗಾತ್ರದ ಒಂದೇ ಒಂದು ಕಪ್ಪು ಹಳ್ಳು ಕಂಡಿತು.

"ನೋಡ್ರಿ," ಎಂದೆ, "ಯಾವನೋ ನಿದ್ದಿಗಣ್ಣಾಗ ಹಾಕ್ಯಾನ. ನನ್ನ ಕ್ಲಾಸಿನಾಗ ಆಗಿದ್ರ ಹೊರಗ ಹಾಕ್ತಿದ್ದೆ."

ಭಾವ ಕುಕ್ಕರುಗಾಲಲ್ಲಿ ಕುಳಿತು ಆ ಹಳ್ಳನ್ನು ಹೆಬ್ಬೆರಳಿನಿಂದ ಒರೆಸಿದರು. "ತಪ್ಪಲ್ರಿ ಅದು. ಕೆಲಸ ಭಾಳ ಚಲೋ ಆತಂದ್ರ ದೃಷ್ಟಿ ತಾಕಬಾರ್ದಂತ ಒಂದು ಕರೇ ಹಳ್ಳು ಇಡ್ತೀವಿ. ಕೂಸಿನ ಗಲ್ಲಕ್ಕ ಬೊಟ್ಟು ಇಟ್ಟಂಗ."

"ಇದು ನೀವು ಹಾಕಿದ್ದೇನು?"

"ಹೌದ್ರಿ, ಲಗ್ನಕ್ಕಿಂತ ಮೊದಲ. ಮೊಣಕಾಲ ಮ್ಯಾಲ ಕುಂತು ಕೈಲೇ ತಿಕ್ಕೀನಿ. ನಿಮ್ಮ ಮನಿಯವರು ಯಾರರ ಒಮ್ಮೆ ನೋಡ್ಲಿ ಅಂತ ಭಾಳ ದಿವಸದ ಆಸಿ ಇತ್ತು."

ನನಗೆ ನಾಚಿಕೆಯಾಯಿತು. ಆದರೆ ನನ್ನ ನಾಚಿಕೆಯ ಆಯುಷ್ಯ ಭಾಂಡುಪ್‌ವರೆಗೂ ಬರಲಿಲ್ಲ.

ಮನೆಗೆ ಬಂದು, ಮದುವೆಗೆ ಕರೆಯಬೇಕು ಎಂದೆ. ಅಕ್ಕ ಖುಷಿಯಿಂದ ಎರಡು ಮಣೆ ಹಾಕಿದಳು. ಗಂಡಹೆಂಡಿರನ್ನು ಜೋಡಿಯಾಗಿ ಕೂರಿಸಿ ಅಕ್ಷತೆ ಕೊಡುವುದು ನಮ್ಮಲ್ಲಿಯ ಪದ್ಧತಿ. ಭಾವ ಮುಖ ತೊಳೆದು ಬಂದು ಅವಳ ಪಕ್ಕ ಕುಳಿತು ಕೈ ಚಾಚಿದರು. ನಾನು ಅಕ್ಕನಿಗೆ ಕುಂಕುಮ ಹಚ್ಚಿದೆ, ಅವಳ ಕೈಗೆ ಅಕ್ಷತೆ ಹಾಕಿದೆ, ಪೊಟ್ಟಣ ಮಡಚಿದೆ. ಅವ್ವನ ಮಾತು ಮೀರುವ ಧೈರ್ಯ ನನಗಿರಲಿಲ್ಲ. ಭಾವ ಚಾಚಿದ ಕೈಯನ್ನು ಮೆಲ್ಲಗೆ ಮೊಣಕಾಲ ಮೇಲೆ ಇಟ್ಟುಕೊಂಡರು.

ಅಕ್ಕ ಅಕ್ಷತೆಯನ್ನು ತಿರುಗಿ ನನ್ನ ಅಂಗೈಗೆ ಸುರಿದಳು. "ಕರದ್ರ ಇಬ್ಬರನ್ನೂ ಕರಿ. ಇಲ್ಲಾಂದ್ರ ಇದನ್ನ ನಿಮ್ಮವ್ವಗ ಕೊಡು."

ನಾನು ಅದನ್ನು ಪೊಟ್ಟಣ ಕಟ್ಟಿಕೊಂಡು ಊರಿಗೆ ಬಂದೆ.

ಮದುವೆಯಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳಿಸಬೇಕಾಗಿದ್ದ ಅಕ್ಕ ಇರಲಿಲ್ಲ. ಮಗಳಿಗೆ ಮೈಯಲ್ಲಿ ಹುಷಾರಿಲ್ಲವೆಂದು ಅವ್ವ ಬೀಗರಿಗೆ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು, ಮದುವೆ ನಡೆದ ಮಂಗಲ ಕಾರ್ಯಾಲಯದ ನೆಲ ಸರಿಯಾಗಿ ಹಾಕಿಲ್ಲವೆಂದು ಯಾರಿಗೋ ತೋರಿಸುತ್ತಿದ್ದೆ.