ಹೆಸರು ಧೂಪಕ್ಕೆ, ಪೆಟ್ಟು ನರ್ಸಮ್ಮನಿಗೆ

ಮೊನ್ನೆ ಶುಕ್ರವಾರ ಒಂಟಿಕೊಪ್ಪಲಿನಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಹೊಸ್ತಿಲು ದಾಟುವ ಮೊದಲೇ ಸಾಂಬ್ರಾಣಿ ಹೊಗೆ ಮೂಗಿಗೆ ಬಡಿಯಿತು. ಆ ವಾಸನೆಗೆ ಎಲ್ಲರಿಗೂ ದೇವರು ನೆನಪಾಗುತ್ತಾನೆ. ನನಗೆ ನೆನಪಾಗುವುದು ಮೂಳೆ ಮುರಿದ ಸದ್ದು... ಮತ್ತೆ ನರ್ಸಮ್ಮ.

ನಾನು ಚಿಕ್ಕವಳಾಗಿದ್ದಾಗ ನಾವು ನಜರ್‌ಬಾದಿನಲ್ಲಿದ್ದೆವು. ಪಕ್ಕದ ಮನೆಯ ಕ್ರೈಸ್ತ ಹೆಂಗಸು ಆಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ನರ್ಸಮ್ಮ. ದೊಡ್ಡ ದನಿ, ಒರಟು ಮಾತು. ತಂದೆಯಿಲ್ಲದ ನಮ್ಮನ್ನು ಸಾಕುತ್ತಿದ್ದ ದೊಡ್ಡಪ್ಪನಿಗೆ ಅವರನ್ನು ಕಂಡರಾಗದು. ಮನೆಯಲ್ಲಿ ದೊಡ್ಡಪ್ಪ ಹೇಳಿದ್ದೇ ವೇದವಾಕ್ಯ.

ಒಂದು ವರ್ಷ ಇನ್‌ಫ್ಲುಯೆಂಜಾ ಊರಿಗೆ ನುಗ್ಗಿತು. ಹೊರಲು ಹೆಗಲು ಸಾಲದೆ ಹೆಣಗಳನ್ನು ಗಾಡಿಯಲ್ಲಿ ಒಟ್ಟಿಕೊಂಡು ಹೋಗುತ್ತಿದ್ದರು. ಅಣ್ಣನಿಗೂ ಬಂತು. ಕೆಮ್ಮಿದರೆ ರಕ್ತದ ನೊರೆ, ತುಟಿ ನೇರಳೆಹಣ್ಣಿನ ಬಣ್ಣ. ಉಸಿರು ಸಿಗದೆ ಹಾಸಿಗೆಯನ್ನು ಉಗುರಿನಿಂದ ಪರಚುತ್ತಿದ್ದ. ಆಸ್ಪತ್ರೆಯ ವರಾಂಡದಲ್ಲೂ ಜಾಗವಿರಲಿಲ್ಲ. ನರ್ಸಮ್ಮ ಡಾಕ್ಟರನ್ನು ಕಾಡಿ ಒಪ್ಪಿಸಿ, ಆಕ್ಸಿಜನ್ ತುಂಬಿದ ಕಬ್ಬಿಣದ ಸಿಲಿಂಡರನ್ನು ಜಟಕಾದಲ್ಲಿ ಹೇರಿಕೊಂಡು ನಮ್ಮ ಮನೆಗೇ ತಂದರು. ಆ ಗಾಳಿ ನೀರಿನ ಸೀಸೆಯಲ್ಲಿ ಗುಳುಗುಳು ಎಂದು ಹಾದು, ರಬ್ಬರ್ ಕೊಳವೆಯ ತುದಿಗಿದ್ದ ಆಲಿಕೆಯಿಂದ ಅಣ್ಣನ ಮೂಗಿಗೆ ಬರುತ್ತಿತ್ತು.

"ಇದು ಕಾಯಿಲೆ ವಾಸಿ ಮಾಡಲ್ಲ ಕಣಮ್ಮ," ಎಂದರು ನನಗೆ. "ಅವನ ಮೈ ಜ್ವರದ ಜೊತೆ ಗುದ್ದಾಡೋವರೆಗೂ ಉಸಿರು ನಿಲ್ಲದ ಹಾಗೆ ನೋಡ್ಕೊಳತ್ತೆ, ಅಷ್ಟೇ. ಇದರ ಹತ್ರ ಬೆಂಕಿ ಮಾತ್ರ ತರಬೇಡಿ."

ದೊಡ್ಡಮ್ಮನೂ ಕೇಳಿಸಿಕೊಂಡಿದ್ದರು. ಆದರೆ ಅವರ ಮಟ್ಟಿಗೆ ಬೆಂಕಿ ಎಂದರೆ ಒಲೆ. ಸಾಂಬ್ರಾಣಿ ದೇವರದು. ಸಂಜೆ, ದಿನದಂತೆ ಕೆಂಡ ತುಂಬಿದ ಧೂಪಾರತಿ ಹಿಡಿದು ಬಂದು ಅಣ್ಣನ ಮುಖಕ್ಕೇ ಹೊಗೆ ಬೀಸಿದರು. ಆಲಿಕೆಯ ಗಾಳಿ ತಾಗಿ ಮಂಕಾಗಿದ್ದ ಕೆಂಡ ಭಗ್ಗೆಂದು ಬೆಳ್ಳಗೆ ಉರಿಯಿತು. ಕಿಡಿ ಸಿಡಿದು ಹೊದಿಕೆ ಹತ್ತಿಕೊಂಡಿತು.

"ಅಯ್ಯೋ, ಸುಟ್ಟುಬುಟ್ರಲ್ರೀ!" ಹಾಸಿಗೆಯ ಪಕ್ಕದಲ್ಲೇ ಇದ್ದ ನರ್ಸಮ್ಮ ಸಿಲಿಂಡರಿನ ತಿರುಪು ಮುಚ್ಚಿದರು. ದೊಡ್ಡಮ್ಮನ ಕೈಯಿಂದ ಜಾರಿದ್ದ ಧೂಪಾರತಿಯನ್ನು ಅಂಗಳಕ್ಕೆ ಒದ್ದರು. ಉರಿಯುವ ಹೊದಿಕೆಯನ್ನು ಬರಿಗೈಯಲ್ಲಿ ಬಡಿದು ಆರಿಸಿದರು.

ಆಗಷ್ಟೇ ಒಳಗೆ ಬಂದ ದೊಡ್ಡಪ್ಪ ಕಂಡದ್ದು ಒದ್ದ ಕಾಲನ್ನು ಮಾತ್ರ. "ದೇವರ ಧೂಪಕ್ಕೆ ಕಾಲು ತಾಗಿಸ್ತೀಯಾ?" ಎಂದು ಊರುಗೋಲಿನಿಂದ ಬಾರಿಸಿದರು. ನರ್ಸಮ್ಮನ ತಲೆ ಒಡೆಯಿತು. ಅವರು ತಿರುಗಿಯೂ ನೋಡಲಿಲ್ಲ. ಅಣ್ಣನ ಮುಖ ಕಪ್ಪಿಡುತ್ತಿತ್ತು, ಅವರ ಕೈ ತಿರುಪಿಗೆ ಹೋಯಿತು. ಎರಡನೆಯ ಏಟು ಆ ಮಣಿಕಟ್ಟಿಗೇ ಬಿತ್ತು. ಒಣಸೌದೆ ಮುರಿದ ಹಾಗೆ ಸದ್ದಾಯಿತು. ಎಡಗೈಯಲ್ಲಿ ತಿರುಪು ಬಿಚ್ಚಿದರು.

"ಹೊಡೀರಿ ಸ್ವಾಮಿ, ಎಷ್ಟು ಬೇಕಾದ್ರೂ ಹೊಡೀರಿ. ಕೊಳವೆ ಮಾತ್ರ ನಾನು ಬುಡಲ್ಲ."

ಅವರ ರಕ್ತ ಅಣ್ಣನ ದಿಂಬಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಊರುಗೋಲಿಗೆ ಜೋತುಬಿದ್ದು ದೊಡ್ಡಪ್ಪನ ಕೈಯನ್ನು ರಕ್ತ ಬರುವಂತೆ ಕಚ್ಚಿದೆ. ಅದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಸೀಸೆಯಲ್ಲಿ ಗುಳುಗುಳು ಮತ್ತೆ ಶುರುವಾಗಿತ್ತು. ಅಣ್ಣ ಉಳಿದ.

ಅವನು ಎದ್ದು ಗಂಜಿ ಕುಡಿಯುವ ಹೊತ್ತಿಗೆ ನರ್ಸಮ್ಮ ಅದೇ ಜ್ವರದಲ್ಲಿ ಮಲಗಿದ್ದರು, ಮುರಿದ ಕೈಗೆ ದಬ್ಬೆ ಕಟ್ಟಿಕೊಂಡು. ಸಿಲಿಂಡರನ್ನು ಅವರ ಮನೆಗೆ ಹೊರಿಸಿದೆ. ತಿರುಪು ಬಿಚ್ಚಿದೆ... ಸೀಸೆಯ ನೀರು ಅಲುಗಲಿಲ್ಲ. ಬೇರೆಯದು ಮದ್ರಾಸಿನ ರೈಲಿನಲ್ಲಿ ಬರಬೇಕಿತ್ತು.

"ಮುಗೀತಾ... ಬುಡು," ಎಂದರು. "ಅವನು ಗಂಜಿ ಕುಡಿದ್ನಾ?"

ರೈಲು ಬರುವವರೆಗೆ ಅವರು ಉಳಿಯಲಿಲ್ಲ.

ಹುಡುಗನನ್ನು ಉಳಿಸಿದ್ದು ಸಾಂಬ್ರಾಣಿ ಎಂದೇ ದೊಡ್ಡಪ್ಪ ಸಾಯುವವರೆಗೂ ಸಾರಿದರು. ಅಂದು ಪ್ರಜ್ಞೆಯಿಲ್ಲದೆ ಬಿದ್ದಿದ್ದ ಅಣ್ಣ ಅದನ್ನೇ ನಂಬಿದ. ನಾನು ಎಷ್ಟು ಸಲ ಹೇಳಿದರೂ, "ನೀನಾಗ ಚಿಕ್ಕೋಳು ಕಣೇ" ಎಂದು ನಕ್ಕುಬಿಡುತ್ತಾನೆ. ಮೊನ್ನೆಯೂ ಧೂಪಾರತಿಯನ್ನು ನನ್ನ ಮುಂದೆ ಹಿಡಿದ.

"ತಗೋ, ನನ್ನ ಜೀವ ಉಳಿಸಿದ್ದು ಇದೇ."

ನನ್ನ ಮೈಯೆಲ್ಲ ಉರಿಯಿತು. ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಅಣ್ಣ ಕೈ ಎತ್ತಿದ... ಥೇಟ್ ದೊಡ್ಡಪ್ಪನ ಕೈ.

"ಹೊಡಿ," ಎಂದೆ. "ಆ ಕೈ ಎತ್ತೋಕೆ ಉಸಿರು ಕೊಟ್ಟೋರು ಯಾರು ಅಂತ ಹೇಳಿ, ಆಮೇಲೆ ಹೊಡಿ."

ಕೈ ಮೆಲ್ಲಗೆ ಇಳಿಯಿತು. ಮೊದಲ ಸಲ ಅವನು ನಗಲಿಲ್ಲ. ಅದನ್ನು ನೋಡಲು ನರ್ಸಮ್ಮ ಇರಲಿಲ್ಲ.