ಪುಟಾಣಿಯ ಏಕಾದಶಿ

ಸವಣೂರಿನ ತರಕಾರಿ ಪೇಟೆಯ ಮೂಲೆಗೆ ಸುಶೀಂದ್ರಾಚಾರ್ಯರ ಔಷಧದ ಅಂಗಡಿ. ಈಗ ನೀವು ಹೊಟ್ಟೆನೋವು ಅಂತ ಅಲ್ಲಿಗೆ ಹೋದರೆ ಅವರು ಕನ್ನಡಕ ಮೇಲೇರಿಸಿ ಒಂದೇ ಮಾತು ಕೇಳುತ್ತಾರೆ: "ಏನರ ತಿಂದೀರೇನು?" ಆಮೇಲೆ ತೆಪ್ಪಗೆ ಗುಳಿಗೆ ಕೊಡುತ್ತಾರೆ. ಹೋದ ವರ್ಷದವರೆಗೆ ಹೀಗಿರಲಿಲ್ಲ. ಆಗ ಗುಳಿಗೆಯ ಡಬ್ಬಿಗೆ ಕೈಯನ್ನೇ ಹಾಕುತ್ತಿರಲಿಲ್ಲ. "ಲಂಘನ ಹಾಕ್ರಿ. ಒಂದು ದಿನ ಹೊಟ್ಟಿಗೆ ಸೂಟಿ ಕೊಡ್ರಿ. ನಾಳೆನೂ ನೋವಿದ್ರ ಬರ್ರಿ," ಎಂದು ಬರಿಗೈಯಲ್ಲಿ ಮನೆಗೆ ಕಳಿಸುತ್ತಿದ್ದರು. ಔಷಧ ಮಾರಲು ಕೂತವನೇ ಔಷಧ ಬೇಡ ಅಂದರೆ ಇವನೆಂಥ ವ್ಯಾಪಾರಿ ಅಂತ ಪೇಟೆಯವರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಮೂವತ್ತು ವರ್ಷ ಅವರು ಅದೇ ಮಾತು ಹೇಳಿದರು, ನೂರಕ್ಕೆ ತೊಂಬತ್ತು ಹೊಟ್ಟೆಗಳು ಉಪವಾಸಕ್ಕೇ ನೆಟ್ಟಗಾದವು.

ಅದು ಅವರು ಓದಿ ಕಲಿತದ್ದಲ್ಲ. ಲಂಘನಂ ಪರಮೌಷಧಂ ಅಂತ ಅಜ್ಜ ಹೇಳುತ್ತಿದ್ದರು, ಅಪ್ಪ ಹೇಳುತ್ತಿದ್ದರು. ಏಕಾದಶಿ ದಿನ ಆಚಾರ್ಯರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅವರು ನೀರನ್ನೂ ಮುಟ್ಟುವುದಿಲ್ಲ. ಉಪವಾಸ ಅಂದರೆ ಅವರಿಗೆ ಶಿಕ್ಷೆಯಲ್ಲ, ಮೈಯೂ ಮನಸ್ಸೂ ತೊಳೆದು ಇಟ್ಟಂಥ ಒಂದು ಸುಖ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಆದದ್ದಕ್ಕೆಲ್ಲ ಇದೇ ಬೇರು.

ಹೆಂಡತಿ ಮೃಣಾಲಿನಿ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಾಳೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಮಕ್ಕಳಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಮೂರು ವರ್ಷದ ಹಿಂದೆ ಸಂತೆಯಲ್ಲಿ ಒಬ್ಬ ಬುಟ್ಟಿಯಲ್ಲಿ ಮೊಲದ ಮರಿ ಮಾರಲು ಕೂತಿದ್ದ. ತಿನ್ನುವವರು ತಿನ್ನಲಿಕ್ಕೇ ಒಯ್ಯುತ್ತಿದ್ದರು. ಹುರಿಗಡಲೆಯ, ಅಂದರೆ ಪುಟಾಣಿಯ ಬಣ್ಣದ ಒಂದು ಮರಿ ಬುಟ್ಟಿಯಿಂದ ಕತ್ತು ಚಾಚಿ ಮೃಣಾಲಿನಿಯ ಸೆರಗು ಜಗಿಯತೊಡಗಿತು. ಆಕೆ ಸೆರಗು ಬಿಡಿಸಿಕೊಳ್ಳಲಿಲ್ಲ, ಮರಿಯನ್ನೇ ಮನೆಗೆ ತಂದಳು.

"ಮಡಿ ಮನ್ಯಾಗ ಮೊಲಾ ಇಡ್ತೀಯೇನ?" ಅಂದರು ಆಚಾರ್ಯರು.

"ಇದು ಉಳ್ಳಾಗಡ್ಡಿ ಸೈತ ಮುಟ್ಟೂದಿಲ್ಲ ರೀ. ನಿಮ್ಮ ಬಂಧು ಬಳಗಕ್ಕಿಂತ ಕಟ್ಟುನಿಟ್ಟದ."

ಮೊಲಕ್ಕೆ ಪುಟಾಣಿ ಅಂತಲೇ ಹೆಸರಾಯಿತು. ವರ್ಷ ತುಂಬುವಷ್ಟರಲ್ಲಿ ಆಚಾರ್ಯರು ಸಂಜೆ ಅಂಗಡಿಯಿಂದ ಬರುವಾಗ ಕೋತಂಬರಿಯ ಕಟ್ಟು ಹಿಡಿದುಕೊಂಡೇ ಬರುತ್ತಿದ್ದರು. ಕೇಳಿದರೆ ಸಾರಿಗೆ ಅನ್ನುತ್ತಿದ್ದರು. ಎಷ್ಟಂತ ಸಾರು ಮಾಡುತ್ತಾರೆ ಇಬ್ಬರೇ ಇರುವ ಮನೆಯಲ್ಲಿ?

ಹೋದ ವರ್ಷ ಪುಟಾಣಿ ಇದ್ದಕ್ಕಿದ್ದಂತೆ ಮೇವು ಬಿಟ್ಟಿತು. ಮೂಲೆ ಹಿಡಿದು ಮೈ ಮುದುರಿ ಕೂತಿತು, ಒಂದು ಹಿಕ್ಕೆಯನ್ನೂ ಹಾಕಲಿಲ್ಲ. ದನದ ದವಾಖಾನೆಗೆ ಹೊಸದಾಗಿ ಬಂದಿದ್ದ ರಂಜನಾ ಡಾಕ್ಟರು ಸೂಜಿಮದ್ದು ಕೊಟ್ಟು, ಹುಲ್ಲಿನ ಪುಡಿಯನ್ನು ಗಂಜಿಯಂತೆ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಎರಡೆರಡು ತಾಸಿಗೊಮ್ಮೆ ಬಾಯಿಗೆ ಹಾಕಲು ಹೇಳಿದರು. ಮೃಣಾಲಿನಿ ಶಾಲೆಗೆ ರಜೆ ಹಾಕಿ ಕೂತಳು. ಮೂರನೆಯ ದಿನ ಅಂಗಡಿಗೆ ಫೋನು ಬಂತು. "ಹಿಕ್ಕಿ ಹಾಕ್ತು ರೀ," ಅಂದಳು. ಬೇರೆಯವರ ಮನೆಗಳಲ್ಲಿ ಮಗು ಹುಟ್ಟಿದ ಸುದ್ದಿಯನ್ನು ಆ ದನಿಯಲ್ಲಿ ಹೇಳುತ್ತಾರೆ. ಆಚಾರ್ಯರು ಫೋನು ಇಟ್ಟು, ಗಿರಾಕಿಗೆ ಬೆನ್ನು ಮಾಡಿ ಕಣ್ಣು ಒರೆಸಿಕೊಂಡರು.

ಪುಟಾಣಿ ಚೇತರಿಸಿಕೊಳ್ಳುತ್ತಿರುವಾಗಲೇ ಮೃಣಾಲಿನಿಯ ಸರದಿ ಬಂತು. ಎರಡು ವರ್ಷದಿಂದ ರಕ್ತಸ್ರಾವವನ್ನು ಮುಚ್ಚಿಟ್ಟುಕೊಂಡು ಬಂದಿದ್ದಳು. ಗರ್ಭಕೋಶ ತೆಗೆಯದೆ ವಿಧಿಯಿಲ್ಲ ಅಂದರು ಹುಬ್ಬಳ್ಳಿಯ ಡಾಕ್ಟರು. ಮೈಯಲ್ಲಿ ರಕ್ತವಿಲ್ಲ, ವಾರ ಮೊದಲೇ ಬಂದು ಸೇರಬೇಕು ಅಂತಲೂ ಅಂದರು. ಅದು ಇದ್ದೂ ತೊಟ್ಟಿಲು ತೂಗಲಿಲ್ಲ, ಈಗ ಅದೂ ಇರುವುದಿಲ್ಲ. ಆಕೆ ಅಳಲಿಲ್ಲ. ಒಂದು ಹಾಳೆಯಲ್ಲಿ ಪುಟಾಣಿಗೆ ತಿನ್ನಿಸುವ ಹೊತ್ತುಗಳನ್ನು ಬರೆದು ದೇವರ ಮನೆಯ ಬಾಗಿಲಿಗೆ ಅಂಟಿಸಿದಳು.

"ನಾನೂ ಬರ್ತೇನಿ," ಅಂದರು ಆಚಾರ್ಯರು.

"ಬ್ಯಾಡ್ರಿ. ನನ್ನ ನೋಡ್ಲಿಕ್ಕೆ ಡಾಕ್ಟರಿದ್ದಾರ, ತಂಗಿ ದೀಪ್ತಿ ಇದ್ದಾಳ. ಇದಕ್ಕ ನೀವ ಗತಿ. ನಾ ಬರೂ ತನಕ ಇದನ್ನ ಉಳಿಸಿಕೊಡ್ರಿ. ಬ್ಯಾರೆ ಏನೂ ಕೇಳೂದಿಲ್ಲ."

ಹೆಂಡತಿಯ ಆಪರೇಷನ್ ಬಿಟ್ಟು ಮೊಲ ಕಾಯಲು ನಿಂತ ಗಂಡ ಅಂತ ಬಳಗದವರು ಬಾಯಿಗೆ ಬಂದಂತೆ ಅಂದರು. ಆಚಾರ್ಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ತಾಸಿಗೊಮ್ಮೆ ಅಂಗಡಿಗೆ "ಹತ್ತು ನಿಮಿಷದಲ್ಲಿ ಬರುತ್ತೇನೆ" ಅಂತ ಹಲಗೆ ತೂಗುಹಾಕಿ ಮನೆಗೆ ಓಡಿದರು. ಪುಟಾಣಿಯನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು, ಬಾಯಿಯ ಮಗ್ಗುಲಿಗೆ ಹನಿಹನಿಯಾಗಿ ಗಂಜಿ ಬಿಟ್ಟರು. ಅಂಗಡಿಯ ಮುಂದೆ ತಪ್ಪಲ ಪಲ್ಲೆ, ಅಂದರೆ ಸೊಪ್ಪು ಮಾರುವ ಹೊನ್ನವ್ವ ದಿನಾ ಒಂದು ಹೊರೆ ಎಳೆ ಕರಕಿ ಹುಲ್ಲು ತಂದುಕೊಟ್ಟಳು. ಐದನೆಯ ದಿನಕ್ಕೆ ಪುಟಾಣಿ ತಾನಾಗಿಯೇ ಹುಲ್ಲು ಜಗಿಯತೊಡಗಿತು. ಮೃಣಾಲಿನಿ ಫೋನು ಮಾಡಿದಾಗಲೆಲ್ಲ ಮೊದಲ ಮಾತು ಒಂದೇ: "ತಿಂತಾ?" ಆಚಾರ್ಯರು ಫೋನನ್ನು ಪುಟಾಣಿಯ ಬಾಯಿಯ ಹತ್ತಿರ ಹಿಡಿದು ಜಗಿಯುವ ಸದ್ದು ಕೇಳಿಸಿದರು.

ಆರನೆಯ ದಿನ ಏಕಾದಶಿ. ಮರುದಿನ ಆಪರೇಷನ್. ಬೆಳಿಗ್ಗೆ ಪಂಜರ ಗುಡಿಸುವಾಗ ಆಚಾರ್ಯರ ಕಣ್ಣಿಗೆ ಒಂದು ಗೊಂಚಲು ಹಿಕ್ಕೆ ಬಿತ್ತು. ಎಂದಿನಂತೆ ಒಣಗಿದ ಗುಂಡಲ್ಲ, ಮೆತ್ತಗೆ, ಲೋಳೆಲೋಳೆಯಾಗಿತ್ತು. ಹೊಟ್ಟೆ ಕೆಟ್ಟಿದೆ. ಅತಿಯಾಗಿ ತಿನ್ನಿಸಿಬಿಟ್ಟೆ ಅಂತ ತಮ್ಮನ್ನೇ ಬೈದುಕೊಂಡರು. ಮೂವತ್ತು ವರ್ಷದ ಅನುಭವ ಒಳಗಿನಿಂದ ಥಟ್ಟನೆ ಉತ್ತರ ಕೊಟ್ಟಿತು. ತಿಥಿಯೂ ಹಾಗೇ ಕೂಡಿ ಬಂದಿತ್ತು. ಪಂಜರದಿಂದ ಹುಲ್ಲನ್ನೆಲ್ಲ ತೆಗೆದರು, ಗಂಜಿಯ ಬಟ್ಟಲನ್ನು ತೊಳೆದು ಪಂಜರದಲ್ಲೇ ಬೋರಲು ಹಾಕಿದರು, ನೀರಷ್ಟೇ ಇಟ್ಟರು.

ಹೊನ್ನವ್ವ ಕರಕಿ ತಂದಾಗ ಬೇಡ ಅಂದರು.

"ಯಾಕ್ರಿ ಆಚಾರ್ರ?"

"ಹೊಟ್ಟಿ ಕೆಟ್ಟದ. ಇವತ್ತ ಲಂಘನ."

"ನಿಮ್ಮ ಏಕಾದಶಿ ಮೊಲಕ್ಕೂ ಬಂತೇನ್ರಿ? ಬಾಯಿಲ್ಲದ ಜೀವ ಐತಿ, ಒಂದ ಹಿಡಿ ಹಾಕ್ರಿ."

"ಹೊನ್ನವ್ವ, ನಿನಗ ಎಷ್ಟ ಸಲ ಲಂಘನ ಹಾಕಿಸಿ ಆರಾಮ ಮಾಡೇನಿ, ಹೇಳು?"

ಹೊನ್ನವ್ವ ಹುಲ್ಲನ್ನು ಬುಟ್ಟಿಗೆ ಹಾಕಿಕೊಂಡಳು. ಪಾಪ, ಎದುರು ಹೇಳಲು ಅವಳಿಗೆ ಬಾಯಿ ಎಲ್ಲಿಂದ ಬರಬೇಕು? ಅವಳ ಮನೆಮಂದಿಯ ಹೊಟ್ಟೆಯನ್ನೆಲ್ಲ ಅವರೇ ಸರಿ ಮಾಡಿದ್ದರು.

ಮಧ್ಯಾಹ್ನ ಆಚಾರ್ಯರು ಮನೆಗೆ ಬಂದಾಗ ಪುಟಾಣಿ ಬೋರಲು ಬಟ್ಟಲನ್ನು ಹಲ್ಲಿನಿಂದ ಎತ್ತಿ ಎತ್ತಿ ಹಾಕುತ್ತಿತ್ತು. ಶಕ್ತಿ ಬಂದಿದೆ ಅಂತ ಅವರಿಗೆ ಸಂತೋಷವಾಯಿತು. ಪಂಜರದ ಮುಂದೆ ಕೂತು, ತಂತಿಯೊಳಗೆ ಬೆರಳು ತೂರಿಸಿ ಅದರ ಹಣೆ ಸವರಿದರು. ಪುಟಾಣಿ ಬೆರಳನ್ನು ಮೂಸಿ, ನೆಕ್ಕಿ, ತಿನ್ನಲು ಏನೂ ಇಲ್ಲದ್ದನ್ನು ಕಂಡು ಮತ್ತೆ ಬಟ್ಟಲಿನ ಕಡೆ ಹೋಯಿತು.

"ಇವತ್ತೊಂದ ದಿನ ತಾಳು," ಅಂದರು. "ನಾಳೆ ಇಬ್ಬರೂ ಕೂಡೇ ಪಾರಣಿ ಮಾಡೋಣಂತ."

ಸಂಜೆಗೆ ಬಟ್ಟಲಿನ ಸದ್ದು ನಿಂತಿತು. ಹೊಟ್ಟೆಗೆ ವಿಶ್ರಾಂತಿ ಸಿಕ್ಕಿತು ಅಂದುಕೊಂಡರು.

ದ್ವಾದಶಿಯ ಬೆಳಗಿನ ಜಾವಕ್ಕೇ ಎದ್ದು ಸ್ನಾನ ಪೂಜೆ ಮುಗಿಸಿ ಅಡಿಗೆ ಮಾಡಿದರು. ಉಪವಾಸ ಬಿಡುವ ಪಾರಣೆಗೆ ಅಗಸೆಯ ಸೊಪ್ಪು ಬೇಕೇ ಬೇಕು. ಅದರಲ್ಲೇ ಎಳೆಯದೊಂದು ಎಸಳನ್ನು ಪುಟಾಣಿಗೆಂದು ತೆಗೆದಿಟ್ಟಿದ್ದರು. ತಮ್ಮ ಎಲೆಯ ಮುಂದೆ ಕೂರುವ ಮೊದಲು ಅದನ್ನು ಒಯ್ದು ಪಂಜರದೊಳಗೆ ಹಿಡಿದರು. ಪುಟಾಣಿ ಮುದುರಿ ಕೂತಿತ್ತು. ಸೊಪ್ಪು ಮೂತಿಗೆ ತಾಗಿದರೂ ಮೂಸಲಿಲ್ಲ. ಕಿವಿ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು.

ಬಡಿಸಿದ ಎಲೆ ಬಡಿಸಿದಂತೆಯೇ ಉಳಿಯಿತು. ಉಟ್ಟ ಮಡಿಯಲ್ಲೇ, ಟವೆಲಿನ ಗಂಟನ್ನು ಎದೆಗೆ ಅವಚಿಕೊಂಡು ಆಚಾರ್ಯರು ಡಾಕ್ಟರ ಬಾಗಿಲಿಗೆ ಓಡಿದ್ದನ್ನು ಪೇಟೆಯೆಲ್ಲ ನೋಡಿತು. ರಂಜನಾ ಡಾಕ್ಟರು ದವಾಖಾನೆಯ ಬೀಗ ತೆಗೆಸಿ, ಮೇಜಿನ ಮೇಲೆ ಪುಟಾಣಿಯನ್ನು ಮಲಗಿಸಿ, ಹೊಟ್ಟೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

"ಹೊಟ್ಟಿ ನಿಂತೈತ್ರಿ. ಏನ ತಿನಿಸಿದ್ರಿ?"

"ನಿನ್ನೆ ಏನೂ ತಿನಿಸಿಲ್ಲ. ಹಿಕ್ಕಿ ಮೆತ್ತಗ ಬಂದಿತ್ತು, ಲಂಘನ ಹಾಕಿದ್ದೆ."

ಡಾಕ್ಟರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಆಚಾರ್ರ, ಮೊಲದ ಹೊಟ್ಟಿ ಖಾಲಿ ಇಡಬಾರದ್ರಿ. ಹಗಲು ರಾತ್ರಿ ಏನರ ಒಳಗ ಹೋಗಬೇಕು, ಇಲ್ಲಂದ್ರ ನಿಂತಬಿಡತೈತಿ. ಆ ಮೆತ್ತನ ಹಿಕ್ಕಿ ಬ್ಯಾನಿ ಅಲ್ರಿ. ಮೊಲಾ ಅದನ್ನ ಹಾಕಿ ತಿರುಗಿ ತಿಂತಾವ. ಅದು ಬಂತಂದ್ರ ಹೊಟ್ಟಿ ಪೂರಾ ಸುಧಾರಿಸಿತ್ತಂತ ಅರ್ಥ," ಅಂದು ಸೂಜಿಮದ್ದು ಎಳೆದುಕೊಂಡರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರವೂ ಇರಲಿಲ್ಲ. ಆಚಾರ್ಯರು ಮೇಜಿನ ಅಂಚು ಹಿಡಿದುಕೊಂಡರು. ಅಷ್ಟರಲ್ಲಿ ಅವರ ಫೋನು ಬಡಿಯಿತು.

"ಒಳಗ ಕರಕೊಂಡ ಹೊಂಟಾರ ರೀ," ಅಂದಳು ಮೃಣಾಲಿನಿ. "ನಿನ್ನೆ ಸಂಜಿಯಿಂದ ನನಗೂ ಹನಿ ನೀರು ಕೊಟ್ಟಿಲ್ಲ. ನಿಮ್ಮ ಏಕಾದಶಿ ಪುಣ್ಯಾ ನನಗೂ ಬಂತು ನೋಡ್ರಿ. ಪುಟಾಣಿ ತಿಂತಾ?"

"ತಿಂತು."

"ಎಷ್ಟು?"

"ಹೊಟ್ಟಿ ತುಂಬ."

ಐವತ್ತಾರು ವರ್ಷದಲ್ಲಿ ಆಚಾರ್ಯರು ಗೊತ್ತಿದ್ದೂ ಆಡಿದ ಮೊದಲ ಸುಳ್ಳು ಅದು. ಫೋನು ಜೇಬಿಗಿಟ್ಟಾಗ ಪುಟಾಣಿ ಒಮ್ಮೆ ಹಿಂಗಾಲು ಝಾಡಿಸಿತು. ಡಾಕ್ಟರು ಸೂಜಿಯನ್ನು ಕೆಳಗಿಟ್ಟು, ಟವೆಲನ್ನು ಮೆಲ್ಲಗೆ ಅದರ ಮುಖದ ಮೇಲೆ ಎಳೆದರು.

ಹೊನ್ನವ್ವ ಹಿತ್ತಲಲ್ಲಿ ತಗ್ಗು ತೋಡಿಕೊಟ್ಟಳು. ಮುಚ್ಚುವ ಮೊದಲು ಒಂದು ಹಿಡಿ ಕರಕಿ ಒಳಗೆ ಹಾಕಿದಳು. ಮನೆಯೊಳಗೆ ಗೋಡೆಯ ಗಡಿಯಾರ ಹತ್ತು ಹೊಡೆದಾಗ, ಗಂಜಿಯ ಹೊತ್ತಾಯಿತು ಅಂತ ಆಚಾರ್ಯರು ಎದ್ದು ನಿಂತುಬಿಟ್ಟರು. ಆಮೇಲೆ ಆ ಮನೆಯಲ್ಲಿ ಕೂರಲು ಅವರಿಂದ ಆಗಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಟಂಟಂ ರಿಕ್ಷಾ ಹತ್ತಿ ಯಲವಿಗಿ ಸ್ಟೇಷನ್ನಿಗೆ ಹೋಗಿ, ಸಿಕ್ಕ ಗಾಡಿಗೆ ಹುಬ್ಬಳ್ಳಿಗೆ ಹೊರಟರು. ದಾರಿಯುದ್ದಕ್ಕೂ ಒಂದೇ ಪಾಠ ಮಾಡಿಕೊಂಡರು: ಹೊನ್ನವ್ವ ತಿನಿಸುತ್ತಿದ್ದಾಳೆ, ನಿನ್ನನ್ನು ನೋಡಿ ಹೋಗಲು ಬಂದೆ. ಹೊಲಿಗೆ ಮಾಗುವವರೆಗೆ ಇಷ್ಟೇ ಹೇಳಬೇಕು.

ಸಂಜೆಗೆ ಮೃಣಾಲಿನಿಗೆ ಪೂರ್ತಿ ಎಚ್ಚರವಾಯಿತು. ಡಾಕ್ಟರು ಬಂದು ಆಕೆಯ ಹೊಟ್ಟೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, "ಇನ್ನೂ ಸುಮ್ಮನಿದೆ, ಕರುಳು ಆಡತೊಡಗುವವರೆಗೆ ಏನೂ ಕೊಡಬೇಡಿ," ಅಂತ ದೀಪ್ತಿಗೆ ಹೇಳಿ ಹೋದರು. ಆಚಾರ್ಯರಿಗೆ ಅದನ್ನು ನೋಡಲಾಗಲಿಲ್ಲ. ಮಂಚದ ಕಾಲಿನ ಕಡೆ ಹೋಗಿ ನಿಂತರು. ಆಗ ಮೃಣಾಲಿನಿ ಅವರನ್ನು ಕಂಡಳು.

ಆಕೆಯ ಮುಖ ಅರಳಲಿಲ್ಲ. ಅವರನ್ನೇ ನೋಡುತ್ತಾ ಮಲಗಿದಳು.

"ಪುಟಾಣಿ ಹೋತೇನ್ರಿ?"

ಗಾಡಿಯಲ್ಲಿ ಮಾಡಿಕೊಂಡ ಪಾಠ ಆಚಾರ್ಯರ ತುದಿನಾಲಿಗೆಯಲ್ಲೇ ಇತ್ತು. "ಹೊನ್ನವ್ವ—" ಅಂದು ನಿಂತರು.

"ಅದು ಇದ್ದಿದ್ರ ನೀವು ಅದನ್ನ ಬಿಟ್ಟ ಬರ್ತಿದ್ದಿಲ್ಲ," ಅಂದಳು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅದನ್ನು ಒರೆಸಿಕೊಂಡು, "ಇರಲಿ. ಹಸದಂತೂ ಹೋಗಿಲ್ಲಲ್ಲ. ಹೊಟ್ಟಿ ತುಂಬ ತಿಂತಂತ ಹೇಳಿದ್ರಿ," ಅಂದಳು.

ಇಷ್ಟಕ್ಕೆ ಹೂಂ ಅಂದಿದ್ದರೆ ಆಕೆ ಅದನ್ನು ನಂಬಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಆಚಾರ್ಯರಿಗೂ ಅದು ಗೊತ್ತಿತ್ತು.

"ಹಸದ ಹೋತು," ಅಂದರು. "ನಾನ ಲಂಘನ ಹಾಕಿದ್ದೆ. ಬಟ್ಟಲಾ ಎತ್ತಿ ಎತ್ತಿ ಬೇಡಿತು. ನನಗ ತಿಳೀಲಿಲ್ಲ."

ಮೃಣಾಲಿನಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ದೀಪ್ತಿ ಅಕ್ಕನ ಕೈ ಹಿಡಿಯಲು ಹೋದರೆ ಬಿಡಿಸಿಕೊಂಡಳು. ಪಕ್ಕದ ಮಂಚದವರ ಮನೆಯವರು ಬಂದರು, ಮಾತಾಡಿದರು, ಹೋದರು. ಆಚಾರ್ಯರು ನಿಂತಲ್ಲೇ ನಿಂತಿದ್ದರು. ಮೊನ್ನೆ ಸಂಜೆಯ ಊಟವೇ ಕಡೆಯದು. ಮಂಚದ ಕಂಬಿಗೆ ಮೈಭಾರ ಹಾಕಿದರು, ಮಂಚ ಕಿರುಗುಟ್ಟಿತು.

"ನೀವು ಏನರ ತಿಂದೀರೇನು?" ಗೋಡೆಯ ಕಡೆಯಿಂದಲೇ ಕೇಳಿದಳು.

"ಇಲ್ಲ."

"ದೀಪ್ತಿ, ಇವರಿಗೆ ತಿನ್ಲಿಕ್ಕೆ ಕೊಡು."

ದೀಪ್ತಿಯ ಡಬ್ಬಿಯಲ್ಲಿ ಅವಲಕ್ಕಿ ಇತ್ತು. ಆಚಾರ್ಯರು ಸ್ಟೂಲಿನ ಮೇಲೆ ಕೂತು ತುತ್ತು ಬಾಯಿಗಿಟ್ಟರು. ಅಗಿದು, ನೀರು ಕುಡಿದು, ಇನ್ನೊಂದು ತುತ್ತು ಇಟ್ಟರು. ಮೃಣಾಲಿನಿ ಈ ಕಡೆ ತಿರುಗಲಿಲ್ಲ. ಡಬ್ಬಿ ಖಾಲಿಯಾಗುವವರೆಗೂ ಅವರು ಅಗಿಯುವ ಸದ್ದನ್ನು ಕೇಳುತ್ತಾ ಮಲಗಿದ್ದಳು.