ಚಪ್ಪಲಿ ಹೊರಗಿಟ್ಟ ಕಂಪ್ಯೂಟರ್ ಕೋಣೆ

೨೦೦೨ರಲ್ಲಿ ನಾನು ಬೈಂದೂರು ಕಡೆಯ ಪದವಿ ಕಾಲೇಜೊಂದರಲ್ಲಿ ಗಣಿತ ಉಪನ್ಯಾಸಕನಾಗಿದ್ದೆ. ಗಣಿತ, ಭೌತಶಾಸ್ತ್ರ ಎರಡಕ್ಕೂ ಸೇರಿ ಇದ್ದದ್ದು ಒಂದೇ ಕಂಪ್ಯೂಟರ್. ಎರಡು ವಿಭಾಗಗಳ ನಡುವಿನ ಹಳೆಯ ಉಗ್ರಾಣವನ್ನು ಗುಡಿಸಿ ಅದನ್ನು ಇಟ್ಟಿದ್ದೆವು. ಲೋಲಕದ ಸಮೀಕರಣಕ್ಕೆ ನನ್ನ ವಿದ್ಯಾರ್ಥಿಗಳು ಪ್ರೋಗ್ರಾಮ್ ಬರೆಯಬೇಕು. ಭೌತಶಾಸ್ತ್ರದ ಸದಾನಂದರು ಪ್ರಯೋಗಾಲಯದಲ್ಲಿ ಅಳೆದ ಅಂಕಿಗಳನ್ನು ಅದೇ ಪರದೆಯ ಮೇಲೆ ಹೋಲಿಸಬೇಕು. ಇದು ನಮ್ಮ ಯೋಜನೆ.

ಮೊದಲ ದಿನವೇ ಸದಾನಂದರು ನಕ್ಕರು. "ಎಂತ ಮಾರ್ರೆ, ನಮ್ಮ್ ಲೋಲಕ ಸುಸ್ತಾಯಿ ನಿಲ್ತ್, ನಿಮ್ದ್ ನಿಲ್ಲುದೇ ಇಲ್ಯಲೆ!"

ಗಾಳಿಯ ತಡೆಯನ್ನು ನಾನು ನಗಣ್ಯವೆಂದು ಬಿಟ್ಟಿದ್ದೆ. ಗಣಿತದವರ ಅಭ್ಯಾಸ ಅದು. ಇನ್ನೊಂದನ್ನು ಇಬ್ಬರೂ ಸೇರಿಯೇ ಬಿಟ್ಟಿದ್ದೆವು: ಕಂಪ್ಯೂಟರಿನ ತಗಡಿನ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಉಗ್ರಾಣದ ಪ್ಲಗ್ಗಿಗೆ ಅರ್ಥಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿ, ಇರಲೇ ಇಲ್ಲ. ಸಾಲದ್ದಕ್ಕೆ "ಚಪ್ಪಲಿ ಹೊರಗೆ ಬಿಡಿ" ಎಂದು ಬಾಗಿಲಿಗೆ ಬೋರ್ಡು ಹಾಕಿದವನು ನಾನೇ. ದೂಳಿನ ಭಯ ಒಂದು, ಪೂಜೆ ಮಾಡಿಸಿ ಇಟ್ಟ ಯಂತ್ರವೆಂಬ ಗೌರವ ಇನ್ನೊಂದು. ಅಟೆಂಡರ್ ಗಿರಿಜಕ್ಕ ಒಮ್ಮೆ ರಬ್ಬರ್ ಚಪ್ಪಲಿಯಲ್ಲೇ ಒಳಗೆ ಬಂದಾಗ ಗದರಿದ್ದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ನೆಲವೆಲ್ಲ ಒದ್ದೆಯಾಗಿತ್ತು. ಸದಾನಂದರು ಬರಿಗಾಲಲ್ಲಿ ನಿಂತು, ಸಡಿಲವಾದ ಕೇಬಲ್ ಒತ್ತಲು ಕ್ಯಾಬಿನೆಟ್‌ನ ಹಿಂದೆ ಕೈ ಹಾಕಿದರು. ಒಳಗಿನ ತಂತಿಯೊಂದು ತಗಡಿಗೆ ತಾಗಿತ್ತೆಂದು ತಿಳಿದದ್ದು ಆಮೇಲೆ. ಅವರ ಮಾತು ಅರ್ಧಕ್ಕೆ ನಿಂತಿತು. ಹಲ್ಲು ಕಚ್ಚಿಕೊಂಡಿತು, ಕೈ ತಗಡನ್ನು ಬಿಡಲಿಲ್ಲ. ನಾನೂ ಬರಿಗಾಲಲ್ಲೇ ಅವರ ಭುಜ ಹಿಡಿದೆಳೆಯಲು ಹೋದೆ.

"ಮುಟ್ಬೇಡಿ ಸಾರ್! ನಿಮ್ಗೂ ಹಿಡಿತ್ತ್!"

ನನ್ನ ಕೈ ಅಲ್ಲೇ ನಿಂತಿತು. ನನ್ನ ತರಗತಿಯಿಂದ ಮರದ ಮೀಟರ್ ಸ್ಕೇಲ್ ತರುತ್ತಿದ್ದ ಗಿರಿಜಕ್ಕ ಚಪ್ಪಲಿಯಲ್ಲೇ ಒಳಗೆ ನುಗ್ಗಿ, ಆ ಸ್ಕೇಲಿನಿಂದಲೇ ಗೋಡೆಯ ಸ್ವಿಚ್ಚಿಗೆ ಹೊಡೆದರು. ಪರದೆ ಕಪ್ಪಾಯಿತು. ಸದಾನಂದರು ಕುಸಿದರು.

ಅಂಗೈ ಸುಟ್ಟಿತ್ತು, ಉಸಿರು ಇತ್ತು. ಕುಂದಾಪುರದ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಅವರ ಮೊದಲ ಮಾತು: "ಮಾರ್ರೆ, ಗ್ರಾಫ್ ಸೇವ್ ಮಾಡಿರ್ಯಾ?" ನಾನು ಅತ್ತುಬಿಟ್ಟೆ.

ಸಂಜೆ ಗಿರಿಜಕ್ಕನನ್ನು ಕೇಳಿದೆ, ಇದೆಲ್ಲ ಹೇಗೆ ಗೊತ್ತು ಎಂದು. "ಮದ್ವಿ ಆಪುಕ್ ಮುಂಚೆ ಮೀನಿನ ಐಸ್ ಪ್ಲಾಂಟಂಗೆ ಇದ್ದಿದ್ದೆ ಸಾರ್. ಅಲ್ಲ್ ಬರಿಗಾಲಂಗೆ ಮಿಷಿನ್ ಹತ್ರ ಹೋರೆ ಬೈತಿದ್ರ್. ಇಲ್ಲ್ ಚಪ್ಪಲ್ ಹಾಕ್ರೆ ನೀವ್ ಬೈತ್ರಿ. ಓದ್ದೋರ್ ಹೇಳ್ದ್ ಅಲ್ದಾ, ಸರಿಯೇ ಇರ್ಕ್ ಅಂದ್ಕಂಡೆ."

ಮರುದಿನ ಬೋರ್ಡು ಕಿತ್ತೆ. ಆ ವಾರವೇ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ ಅರ್ಥಿಂಗ್ ಮಾಡಿಸಿದೆವು. ಕೈ ಗುಣವಾಗಿ ಬಂದ ಸದಾನಂದರು ಪಕ್ಕದಲ್ಲಿ ಕುಳಿತಿರುವಾಗಲೇ ಗಾಳಿಯ ತಡೆಯನ್ನೂ ಪ್ರೋಗ್ರಾಮಿಗೆ ಸೇರಿಸಿದೆ. ಪರದೆಯ ಮೇಲೆ ಲೆಕ್ಕದ ಗೆರೆ, ಅಳತೆಯ ಗೆರೆ ಎರಡೂ ಹತ್ತಿರ ಬಂದವು.

ಅಳೆಯದೆ ಯಾವುದನ್ನೂ ನಗಣ್ಯ ಎನ್ನಬಾರದು. ಯಾರ ತಿಳಿವಳಿಕೆಯನ್ನೂ ಅಷ್ಟೆ. ಈಗಲೂ ಕಣ್ಣು ಮುಚ್ಚಿದರೆ ನನ್ನ ಕೈ ಸದಾನಂದರ ಭುಜದತ್ತ ಚಾಚುತ್ತದೆ. ಒಂದು ಗೇಣು ಉಳಿದಿರುವಾಗ ಗಿರಿಜಕ್ಕ ಕೂಗುತ್ತಾರೆ. ಆ ಒಂದು ಗೇಣಿನಲ್ಲೇ ನಾನು ಇಷ್ಟು ವರ್ಷ ಬದುಕಿದ್ದೇನೆ.